ಖುರ್ಚಿಯ ಬಯಕೆ

ನಮ್ಮ ಕಡೆ ಬಸುರಿಯ ನಾಲಗೆಗೆ ಇರುವ ಮರ್ಯಾದೆ ಆಕೆಯ ಟೊಂಕಕ್ಕೆ ಇಲ್ಲ. ನಾಲಗೆ ಏನು ಬೇಡಿದರೂ ಓಣಿಗೆ ಓಣಿಯೇ ಓಡಾಡುತ್ತದೆ. ಹುಣಸೆಕಾಯಿ ಅಂದರೆ ಮರ ಹತ್ತುತ್ತಾರೆ, ಮಾದಲಿ ಅಂದರೆ ಹಬ್ಬವಿಲ್ಲದಿದ್ದರೂ ಬೆಲ್ಲ ಕುಟ್ಟುತ್ತಾರೆ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ನಂಬಿಕೆ ಬಸವನ ಬಾಗೇವಾಡಿಯಿಂದ ಇಂಡಿಯವರೆಗೆ, ಓದಿದವರು ಓದದವರು ಎಂಬ ಭೇದವಿಲ್ಲದೆ ನಡೆದುಕೊಂಡು ಬಂದಿದೆ. ಅದೇ ಬಸುರಿ ಟೊಂಕ ನೋಯುತ್ತದೆ ಎಂದು ಒಮ್ಮೆ ಹೇಳಿ ನೋಡಲಿ. ಕೇಳಿದವರು ಆಕೆಯ ನೋವನ್ನು ಬದಿಗಿಟ್ಟು ತಮ್ಮದನ್ನು ಹೇಳಲು ಕೂತುಬಿಡುತ್ತಾರೆ. ಒಬ್ಬರು ಜೋಳದ ಕಣಿಕೆಯ ಹೊರೆ ಹೊತ್ತು ತಂದು ಅಂಗಳದಲ್ಲಿಳಿಸಿ ಹಡೆದಿರುತ್ತಾರೆ, ಇನ್ನೊಬ್ಬರು ಹಡೆದ ಮೇಲೆ ಎದ್ದು ರೊಟ್ಟಿ ಬಡಿದಿರುತ್ತಾರೆ. ನಮ್ಮ ಓಣಿಯ ಅಜ್ಜಿಯೊಬ್ಬರ ತವರು ತಂಗಡಗಿ. ಅವರು ಹೊಳೆಯಿಂದ ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ಬಂದು ಇಳಿಸುವಷ್ಟರಲ್ಲಿ ಕೂಸು ಬಂದಿತ್ತಂತೆ. ನೀರು ಮಾತ್ರ ಒಂದು ಹನಿ ತುಳುಕಿರಲಿಲ್ಲವಂತೆ. ಇಂಥವರ ಮುಂದೆ ನನ್ನ ನೋವು ಎಲ್ಲಿಯ ಲೆಕ್ಕ?

ನಾನು ಬಾಗೇವಾಡಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ತವರು ಇಂಡಿ, ಗಂಡನ ಮನೆ ಬಾಗೇವಾಡಿ. ನಮ್ಮವರಿಗೆ ಗೊಬ್ಬರದ ಅಂಗಡಿ. ಮಾವ ಹೊಲ, ಅತ್ತೆ ಮನೆ ನೋಡಿಕೊಳ್ಳುತ್ತಾರೆ. ಬಯಕೆಗೆ ಇಷ್ಟು ಬಲವಿದೆ ಎಂದು ನನಗೆ ತಿಳಿದದ್ದು ಮೂರನೆಯ ತಿಂಗಳಲ್ಲಿ, ಏನು ತಿಂದರೂ ವಾಂತಿಯಾಗುತ್ತಿದ್ದ ಕಾಲದಲ್ಲಿ. ಸುಮ್ಮನೆ ಮಾತಿಗೆ, ಕೊಲ್ಹಾರದ ಮೊಸರಾದರೆ ಒಳಗೆ ಇಳಿಯಬಹುದೇನೋ ಎಂದಿದ್ದೆ. ಓಣಿಯ ಕೊನೆಯಿಂದ ಕೊತ್ತಂಬರಿ ತರುವುದಕ್ಕೆ ನಾಲ್ಕು ಸಲ ಹೇಳಿಸಿಕೊಳ್ಳುವ ನಮ್ಮವರು, ಅವರ ಅವ್ವ ಒಮ್ಮೆ ನೋಡಿದ್ದೇ ತಡ, ಉರಿಬಿಸಿಲಿನಲ್ಲಿ ಬೈಕು ಹತ್ತಿ ಕೊಲ್ಹಾರಕ್ಕೆ ಹೋಗಿ, ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು ತಂದರು. ಗಡಿಗೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ, ತೊಡೆಗಳ ನಡುವೆ ಇಟ್ಟುಕೊಂಡು ತಂದ ರೀತಿ ನೋಡಿದರೆ ಒಂದು ದೇಶ ಗೆದ್ದು ಬಂದವರ ಹಾಗಿತ್ತು.

ಐದನೆಯ ತಿಂಗಳು ಬಂತು, ವಾಂತಿ ಹೋಯಿತು, ಅದರ ಜಾಗಕ್ಕೆ ಟೊಂಕದ ನೋವು ಬಂತು. ಬೆನ್ನಿನ ಕೆಳಗೆ ಹುಟ್ಟಿ, ಕುಂಡಿಯ ಎಲುಬು ಹಾದು, ಮುಂದೆ ತೊಡೆ ಕೂಡುವ ಕಡೆ ಬಂದು ಬೀಡುಬಿಡುವ ನೋವು. ಒಂದು ಕಾಲ ಮೇಲೆ ನಿಂತು ಲಂಗ ಉಡುವುದು ಹೋಯಿತು. ಬಸ್ಸಿನ ಮೆಟ್ಟಿಲು ಎಂದರೆ ಗುಡ್ಡ ಹತ್ತಿದ ಹಾಗೆ. ಹಾಸಿಗೆಯಲ್ಲಿ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೊರಳಬೇಕಾದರೆ ನಮ್ಮವರನ್ನು ಎಬ್ಬಿಸಿ, ಅವರು ಒಂದು ಕಡೆ ತಳ್ಳಿ, ನಾನು ಇನ್ನೊಂದು ಕಡೆ ಜಗ್ಗಿ, ಗಾಡಿ ಕೆಸರಿನಿಂದ ತೆಗೆದ ಹಾಗೆ ಆಗುತ್ತಿತ್ತು. ಊರ ಆಸ್ಪತ್ರೆಯ ಲೇಡಿ ಡಾಕ್ಟರು ನೋಡಿದರು. ಕೂಸಿಗೆ ಹಾದಿ ಮಾಡಿಕೊಡಲು ಕೀಲುಗಳು ಸಡಿಲಾಗುತ್ತವೆ, ಹೆದರಬೇಡ ಎಂದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಡ, ಕುಕ್ಕರುಗಾಲಿನಲ್ಲಿ ಕೂಡಬೇಡ, ಬೆನ್ನಿಗೆ ಆಸರೆ ಇರುವ ಖುರ್ಚಿ ಬಳಸು, ಮಲಗುವಾಗ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊ, ಹೊರಳುವಾಗ ಎರಡೂ ಮೊಣಕಾಲು ಕೂಡಿಸಿಕೊಂಡು ಹೊರಳು ಎಂದು ಹೇಳಿ, ಹೊಟ್ಟೆಯ ಕೆಳಗೆ ಕಟ್ಟುವ ಪಟ್ಟಿ ಬರೆದುಕೊಟ್ಟರು. ನೋವು ಬಿಟ್ಟು ಬಿಟ್ಟು ಬಂದರೆ ತಡಮಾಡದೆ ಬಾ ಎಂದೂ ಎಚ್ಚರಿಸಿದರು.

ನಾನು ಮನೆಗೆ ಬಂದು ಇದಿಷ್ಟನ್ನೂ ಗಣಿತದ ಪಾಠದ ಹಾಗೆ ಬಿಡಿಸಿ ಹೇಳಿದೆ. ಅತ್ತೆ ಕೇಳಿ, ನಾವೇನು ಹಡೆದಿಲ್ಲವೇ ಎಂಬ ಒಂದೇ ಮಾತಿನಲ್ಲಿ ಉತ್ತರ ತೆಗೆದುಬಿಟ್ಟರು. ಮಾವ ಪೇಪರು ಮಡಚಿ, ಈಗಿನವರಿಗೆ ಗಟ್ಟಿ ಎಲುಬೇ ಇಲ್ಲ, ಎಲ್ಲಾ ಬಿಸ್ಕೀಟು ಎಂದರು. ನಮ್ಮ ಮನೆಯಲ್ಲಿ ಊಟಕ್ಕೆ ಎಲ್ಲರೂ ನೆಲದ ಮೇಲೆ ಪಂಕ್ತಿ. ನಾನೂ ಕೂತೆ. ಏಳುವಾಗ ಗೋಡೆ ಹಿಡಿದೆ, ಬಾಗಿಲು ಹಿಡಿದೆ, ಕೊನೆಗೆ ಮಾವನ ತಲೆಯ ರುಮಾಲು ಹಿಡಿಯುವುದೊಂದು ಬಾಕಿ ಇತ್ತು.

ಒಂದು ಸಂಜೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು ನೋವಿತ್ತು, ಹೇಳಿ ಪ್ರಯೋಜನವಿಲ್ಲ ಎಂಬ ಸಿಟ್ಟೂ ಇತ್ತು. ಆಗ ನನ್ನ ಬಾಯಿಂದ ಈ ಮಾತು ಹೇಗೆ ಬಂತೋ ಕಾಣೆ.

"ಅತ್ತಿ, ಖುರ್ಚಿ ಮ್ಯಾಲ ಕುಂತು ಉಣಬೇಕಂತ ಭಾಳ ಬಯಕಿ ಆಗೇತ್ರಿ ನನಗ."

ಬಡಿಯುತ್ತಿದ್ದ ಕೈ ನಿಂತಿತು. ಅತ್ತೆ ನನ್ನನ್ನು ಒಮ್ಮೆ ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕಿ, ಅಂಗಡಿಯ ಖುರ್ಚಿಯೊಂದನ್ನು ಹೊತ್ತು ತಾ ಎಂದು ಮಗನಿಗೆ ಕೂಗಿ ಹೇಳಿದರು. ಆ ಸಂಜೆಯೇ ಪಂಕ್ತಿಯ ತುದಿಗೆ ಖುರ್ಚಿ ಬಂತು. ನಾನು ಅದರ ಮೇಲೆ, ಮಾವ ನನ್ನ ಕಾಲ ಬಳಿ. ಬಿಸ್ಕೀಟಿನ ಮಾತು ಮತ್ತೆ ಬರಲಿಲ್ಲ.

ಹಾದಿ ಸಿಕ್ಕಿತೆಂದರೆ ಬಿಡುವವಳೇ ನಾನು? ಮರುವಾರ ನನಗೆ ಕಮೋಡಿನ ಬಯಕೆಯಾಯಿತು. ಅದಕ್ಕಾದರೂ ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯುವ ಬದಲು ಗಾರೆ ಕೆಲಸದ ಗೌಂಡಿಯನ್ನು ಕರೆಸಿ, ಎಷ್ಟು ಎತ್ತರ ಇರಬೇಕು ಎಂದು ತಾವೇ ಮುಂದೆ ನಿಂತು ತೋರಿಸಿದರು. ಆಮೇಲೆ ದಿಂಬಿನ ಬಯಕೆ. ಮನೆಯಲ್ಲಿ ಗಟ್ಟಿಯಾಗಿ ಇದ್ದದ್ದು ನಮ್ಮವರ ದಿಂಬು ಒಂದೇ. ಅದು ನನ್ನ ಮೊಣಕಾಲುಗಳ ನಡುವೆ ಬಂತು, ಅವರು ಕೌದಿ ಮಡಚಿ ತಲೆಗಿಟ್ಟುಕೊಂಡರು. ಬಯಕೆ ಬಾಯಿಗಾಗುತ್ತದೋ ಟೊಂಕಕ್ಕಾಗುತ್ತದೋ ಎಂದು ಅವರೊಮ್ಮೆ ಗೊಣಗಿದಾಗ ಅತ್ತೆಯೇ ಮಗನ ಬಾಯಿ ಮುಚ್ಚಿಸಿದರು. ಪಾಪ, ಎಷ್ಟು ಮುಗ್ಧ ಜೀವ, ಏನು ಹೇಳಿದರೂ ನಂಬುತ್ತಾರಲ್ಲ ಎಂದು ನನಗೆ ಅತ್ತೆಯ ಮೇಲೆ ಕನಿಕರವೇ ಬಂತು. ಈ ಉಪಾಯವನ್ನು ಶಾಲೆಯಲ್ಲೂ ಹೂಡಿ ನೋಡಿದೆ. ನಮ್ಮ ಶಾಲೆಯಲ್ಲಿ ಕೈ ಇರುವ, ಮೆತ್ತೆ ಇರುವ ಖುರ್ಚಿ ಹೆಡ್ ಮಾಸ್ತರರದ್ದು ಮಾತ್ರ. ಅದರ ಮೇಲೆ ನನಗೆ ಬಯಕೆಯಾಗಿದೆ ಎಂದು ವಿನಯದಿಂದ ತಿಳಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಬಯಕೆಗೆ ಇಲಾಖೆಯಲ್ಲಿ ಗ್ರ್ಯಾಂಟು ಇಲ್ಲವೆಂದು ಅಷ್ಟೇ ವಿನಯದಿಂದ ಹೇಳಿ, ಖುರ್ಚಿಯನ್ನು ಇನ್ನಷ್ಟು ಒತ್ತಿ ಕೂತರು.

ಇಷ್ಟರಲ್ಲಿ ಏಳು ತುಂಬುತ್ತ ಬಂತು, ಮನೆಯಲ್ಲಿ ಕುಬಸದ ಮಾತು ಶುರುವಾಯಿತು. ದಕ್ಷಿಣದವರು ಸೀಮಂತ ಎನ್ನುವುದೇ ನಮ್ಮಲ್ಲಿ ಕುಬಸ. ತವರಿನವರು ಹಸಿರು ಸೀರೆ, ಹಸಿರು ಬಳೆ, ಬುಟ್ಟಿಗಟ್ಟಲೆ ಬುತ್ತಿ ತರುತ್ತಾರೆ. ಬಸುರಿಯನ್ನು ಮಣೆಯ ಮೇಲೆ ಕೂಡಿಸಿ, ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಉಡಿ ತುಂಬಿ, ಹಾಡಿ, ಆರತಿ ಮಾಡುತ್ತಾರೆ. ಮುಗಿಯುವವರೆಗೆ ಏಳುವಂತಿಲ್ಲ. ಮಣೆ ಎಂದರೆ ನೆಲಕ್ಕಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಒಂದು ದಿನ ಬಾಗಿಲು ಮುಂದೆ ಮಾಡಿಕೊಂಡು ಮಣೆಯ ಮೇಲೆ ಕೂತು ನೋಡಿದೆ. ಸ್ವಲ್ಪ ಹೊತ್ತಿಗೇ ಮುಂದಿನ ಎಲುಬು ಸೀಳಿದ ಹಾಗಾಯಿತು. ಏಳಲು ಆಗಲಿಲ್ಲ. ನಮ್ಮವರು ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದಾಗ ನಾನು ಅತ್ತುಬಿಟ್ಟೆ. ಊರ ಹೆಂಗಸರ ಮುಂದೆ ಹೀಗಾದರೆ ಏನು ಗತಿ ಎಂದು ನಿಜವಾಗಿ ಹೆದರಿದೆ. ಕುಬಸಕ್ಕೂ ಖುರ್ಚಿಯ ಬಯಕೆ ಆಗಿದೆ ಎಂದು ಅತ್ತೆಗೆ ಹೇಳಿದೆ. ಮೊದಲ ಸಲ ಅತ್ತೆ ಹೂಂ ಎನ್ನಲಿಲ್ಲ.

"ಅಕ್ಕಾರ ಬರ್ತಾರ. ನೋಡೋಣು," ಎಂದರು.

ಅಕ್ಕಾರು ಎಂದರೆ ಮಾವನ ಅಕ್ಕ, ಕೊಲ್ಹಾರದ ಅತ್ತೆ. ಎಪ್ಪತ್ತು ದಾಟಿದವರು, ಬೆನ್ನು ಸೆಟೆಸಿ ನಡೆಯುವವರು, ನಮ್ಮ ಮನೆತನದ ಎಲ್ಲ ಪದ್ಧತಿಗಳಿಗೂ ಸುಪ್ರೀಂ ಕೋರ್ಟು. ಅವರ ಮುಂದೆ ಅತ್ತೆ ಈಗಲೂ ಹೊಸ ಸೊಸೆಯ ಹಾಗೆ ತಲೆಯ ಮೇಲೆ ಸೆರಗು ಹೊದೆಯುತ್ತಾರೆ.

ಕುಬಸದ ದಿನ ಬಂತು. ಇಂಡಿಯಿಂದ ನಮ್ಮವ್ವ ಬುತ್ತಿಯ ಬುಟ್ಟಿಗಳೊಂದಿಗೆ ಬಂದಳು. ಓಣಿಯ ಹೆಂಗಸರು ಪಡಸಾಲೆ ತುಂಬಿದರು. ನಾನು ಹಸಿರು ಸೀರೆ ಉಟ್ಟು ಹೊರಗೆ ಬಂದು ನೋಡುತ್ತೇನೆ, ರಂಗೋಲಿಯ ನಡುವೆ ಅಂಗಡಿಯ ಪ್ಲಾಸ್ಟಿಕ್ ಖುರ್ಚಿ, ಅತ್ತೆಯ ಮದುವೆಯ ಇಳಕಲ್ ಸೀರೆ ಹೊದ್ದು ಸಿಂಹಾಸನದ ಹಾಗೆ ಕೂತಿದೆ. ನನ್ನ ಜೀವ ಇನ್ನೇನು ತಣ್ಣಗಾಗಬೇಕು, ಅಷ್ಟರಲ್ಲಿ ಕೊಲ್ಹಾರದ ಅತ್ತೆ ಒಳಗೆ ಬಂದರು. ಖುರ್ಚಿ ನೋಡಿದರು. ಮಣೆ ಎಲ್ಲಿ ಎಂದು ಕೇಳಿದರು.

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಹುಡುಗಿಗೆ ಖುರ್ಚಿ ಬಯಕಿ ಆಗೇತ್ರಿ ಅಕ್ಕಾರ. ತೀರಿಸಲಿಲ್ಲಂದ್ರ ಕೂಸಿಗೆ ತ್ರಾಸು."

ಮದುವೆಯಾಗಿ ಬಂದ ಮೇಲೆ ಆ ಹೆಂಗಸಿನ ಮುಂದೆ ಅತ್ತೆ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಕೊಲ್ಹಾರದ ಅತ್ತೆ ಖುರ್ಚಿಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು, ಮತ್ತೆ ಖುರ್ಚಿಯನ್ನು ನೋಡಿದರು.

"ಬಯಕಿ ಅಂದ್ರ ಬಯಕಿ. ಇಲ್ಲ ಅನ್ನಾಕ ಬರೂದಿಲ್ಲ. ಆದ್ರ ಬಯಕಿದ್ದು ಒಬ್ಬಾಕಿನ ಉಣಬಾರದು, ಐದು ಮಂದಿಗೆ ಹಂಚಿ ಉಣಬೇಕು. ಖುರ್ಚಿಗೂ ಅದ ರೀತಿ. ಹಿರ್ಯಾರಿಂದ ಸುರು ಆಗಲಿ."

ಹೀಗೆ ತೀರ್ಪು ಕೊಟ್ಟು, ಹಿರಿಯರು ಯಾರಿದ್ದಾರೆ ಎಂದು ಸುತ್ತ ಕಣ್ಣಾಡಿಸಿ, ತಾವೇ ಹಿರಿಯರೆಂದು ಕಂಡುಕೊಂಡು ಖುರ್ಚಿಯ ಮೇಲೆ ಕೂತುಬಿಟ್ಟರು. ಬೆನ್ನನ್ನು ಮೆಲ್ಲಗೆ ಹಿಂದಕ್ಕೆ ಒರಗಿಸಿದರು. ಕಣ್ಣು ಮುಚ್ಚಿದರು. ಹಾಡುವವರು ಒಂದು ಹಾಡು ಮುಗಿಸಿದರು, ಎರಡನೆಯದು ಎತ್ತಿಕೊಂಡರು, ಅವರು ಏಳಲಿಲ್ಲ. ನಾನು ಕಂಬಕ್ಕೆ ಒರಗಿ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಹಾಕಲೂ ಆಗದೆ ನಿಂತಿದ್ದೆ. ಕೊನೆಗೊಮ್ಮೆ ಎದ್ದಾಗ, ಎರಡನೆಯ ಬಸುರಿನಲ್ಲಿ ಹಿಡಿದ ಟೊಂಕ ಇಂದಿಗೂ ಬಿಟ್ಟಿಲ್ಲ ಎಂದು ಯಾರಿಗೂ ಹೇಳದ ಹಾಗೆ ಹೇಳಿದರು. ಅದೇ ಸಾಕಾಯಿತು. ಎರಡನೆಯ ಪಾಳಿ ತಂಗಡಗಿಯ ಅಜ್ಜಿಯದು. ಕೂತವರೇ, ಆ ದಿನ ಕೊಡದ ನೀರು ತುಳುಕಲಿಲ್ಲ ನಿಜ, ಆದರೆ ಆಮೇಲೆ ಒಂದು ತಿಂಗಳು ಗೋಡೆ ಹಿಡಿದು ನಡೆದೆ ಎಂದರು. ಕಣಿಕೆ ಹೊರೆಯವರು ಕೂತರು, ರೊಟ್ಟಿ ಬಡಿದವರು ಕೂತರು. ಒಬ್ಬೊಬ್ಬರ ಬೆನ್ನು ಖುರ್ಚಿಗೆ ತಾಗಿದ ಹಾಗೆ ಒಂದೊಂದು ನೋವು ಹೊರಬಂತು. ನಾನು ಇಷ್ಟು ದಿನ ಇವರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಈಗ ಸಿಟ್ಟೂ ಇಲ್ಲ, ಖುರ್ಚಿಯೂ ಇಲ್ಲ.

ಐದನೆಯವರು ಅತ್ತೆ. ಅವರು ಅಂಚಿನಲ್ಲಿ ಕೂತಂತೆ ಮಾಡಿ ಎದ್ದು, ತಮ್ಮದು ಆಯಿತೆಂದು ಹೇಳಿ ನನ್ನನ್ನು ಕೈಹಿಡಿದು ಕೂಡಿಸಿದರು. ಉಡಿ ತುಂಬುವವರಿಗೂ ಬಾಗುವ ಕಷ್ಟ ತಪ್ಪಿತು. ಮುಂದೆ ಮನೆಯಲ್ಲಿ ಯಾರ ಕುಬಸವಾದರೂ ಹೀಗೇ ಎಂದು ಕೊಲ್ಹಾರದ ಅತ್ತೆ ಹೊಸ ಪದ್ಧತಿಯನ್ನು ಹಳೆಯದೆಂಬಂತೆ ಸಾರಿದರು.

ಊಟ ಮುಗಿಸಿ ನಾನೂ ನಮ್ಮವ್ವನೂ ಹೆರಿಗೆಗೆಂದು ಇಂಡಿಗೆ ಹೊರಟೆವು. ಜೀಪಿನಲ್ಲಿ ಕೂತ ನನ್ನ ಬೆನ್ನಿಗೆ ಅತ್ತೆ ದಿಂಬು ಕೊಟ್ಟು, ಕಿಟಕಿಯ ಹತ್ತಿರ ಬಗ್ಗಿದರು. ಏನೋ ಆಶೀರ್ವಾದ ಇರಬೇಕೆಂದು ನಾನು ತಲೆ ತಗ್ಗಿಸಿದೆ.

"ಸವಿತಾ, ಇನ್ನ ಎರಡು ತಿಂಗಳ ಅದಾವಲ್ಲ. ನಿನಗ ವಾಷಿಂಗ್ ಮಷೀನಿನ ಬಯಕಿ ಆಗೂದಿಲ್ಲೇನು?"

ನಾನು ತಗ್ಗಿಸಿದ ತಲೆ ಎತ್ತಿದೆ. ಅತ್ತೆಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ನಾ ಕೇಳಿದ್ರ ಈ ವಯಸ್ಸಿನಾಗ ಯಾಕ ಬೇಕು ಅಂತಾರ. ನೀ ಕೇಳಿದ್ರ ಕೂಸು ಕೇಳೇತಿ ಅಂತಾರ," ಎಂದರು.

ಕಮೋಡಿನ ಎತ್ತರ ಯಾರ ಮೊಣಕಾಲಿನ ಅಳತೆಯದು ಎಂದು ನನಗೆ ಆಗ ತಿಳಿಯಿತು. ಹಿತ್ತಲಿನ ಕಲ್ಲಿನ ಮೇಲೆ ದಿನಾ ಬಗ್ಗಿ ಬಟ್ಟೆ ಒಗೆಯುವ ಆ ಟೊಂಕವನ್ನು ನಾನು ಒಂದು ದಿನವೂ ವಿಚಾರಿಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು, ನಗುವೂ ಬಂತು. ನಕ್ಕರೆ ಮುಂದಿನ ಎಲುಬು ನೋಯುತ್ತಿತ್ತು. ನಮ್ಮವರನ್ನು ಕಿಟಕಿಗೆ ಕರೆದು ಹೊಸ ಬಯಕೆ ಹೇಳಿದೆ. ಅವರು ಆಕಾಶ ನೋಡಿ, ಬಟ್ಟೆ ಮೇಲಿನಿಂದ ಹಾಕುವುದೋ ಮುಂದಿನಿಂದ ಹಾಕುವುದೋ ಎಂದು ಕೇಳಿದರು. ನನಗೆ ಏನು ಗೊತ್ತು? ಅತ್ತೆ ಜೀಪಿನ ಗಾಲಿ ನೋಡುತ್ತಾ, ಬಸುರಿ ಬಾಗಬಾರದು, ಮೇಲಿನಿಂದ ಹಾಕುವುದೇ ಆಗಬೇಕು ಎಂದರು.

ಈಗ ಇಂಡಿಯಲ್ಲಿ ಎಡ ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡು ಮಲಗಿದ್ದೇನೆ. ಮಷೀನು ಬಂದು ಬಾಗೇವಾಡಿಯ ಮನೆಯ ಹಿತ್ತಲಲ್ಲಿ ತಿರುಗುತ್ತಿದೆಯಂತೆ. ಸಂಜೆಯಾಯಿತೆಂದರೆ ನಾನೇ ಬಾಗೇವಾಡಿಗೆ ಫೋನು ಹಚ್ಚುತ್ತೇನೆ. ಅತ್ತೆ ನನ್ನ ಟೊಂಕ ವಿಚಾರಿಸುತ್ತಾರೆ, ನಾನು ಅವರದನ್ನು ವಿಚಾರಿಸುತ್ತೇನೆ. ಆಮೇಲೆ ಯಾರೂ ಹತ್ತಿರ ಇಲ್ಲವೆಂದು ನೋಡಿಕೊಂಡು ಕೇಳುತ್ತೇನೆ:

"ಅತ್ತಿ, ಇವತ್ತ ನನಗ ಏನು ಬಯಕಿ ಆಗೇತ್ರಿ?"