ತಿರುಗಿ ಹೋಗುವ ದಿನಾಂಕ ಕಡ್ಡಾಯ

ಸಿಂಧನೂರಿನಲ್ಲಿ ಒಂದು ಮನೆ ಕಟ್ಟಿಸಿದೆ. ಇರುವುದು ಎರಡೇ ಕೋಣೆ, ಬಂಧುಬಳಗದ ಕಣ್ಣಿಗೆ ಮಾತ್ರ ಇಪ್ಪತ್ತೆರಡು. ಹಿಂದೆ ಬಾಡಿಗೆ ಮನೆಯಲ್ಲಿದ್ದಾಗ ಮಗಳ ತೊಟ್ಟಿಲಿಗೆ ಬಂದ ಹೆಂಡತಿಯ ತವರಿನವರು ತಿರುಗಿ ಹೋಗುವಷ್ಟರಲ್ಲಿ ಕೂಸಿಗೆ ಹಲ್ಲು ಬಂದಿದ್ದವು. ಗೃಹಪ್ರವೇಶಕ್ಕೆ ಬಂದವರು ಅಲ್ಲೇ ಗೃಹಸ್ಥರಾಗಿಬಿಟ್ಟರೆ? ಅದಕ್ಕೇ ಈ ಸಲ ಆಹ್ವಾನದ ಜೊತೆ ಒಂದು ಆನ್‌ಲೈನ್ ಫಾರ್ಮು ಕಳಿಸಿದೆ. (ಕಾನ್ವೆಂಟಿನಲ್ಲಿ ಓದಿದವನು ನಾನು; ಬಿಟ್ಟ ಸ್ಥಳ ತುಂಬುವುದರಲ್ಲಿ ಪ್ರತಿವರ್ಷ ಪೂರ್ತಿ ಅಂಕ.)

ಹೆಸರು, ಊರು, ಎಷ್ಟು ಜನ, ಯಾರ ಕಡೆಯವರು, ಇಷ್ಟೇ ಕೇಳಿದ್ದು. ಒಳಗೆ ಮಾತ್ರ ಒಂದು ಗುಪ್ತ ಶಾಸನವಿತ್ತು. ‘ಹೆಂಡತಿಯ ಕಡೆ’ ಎಂದು ಒತ್ತಿದವರಿಗೆ ಇನ್ನೊಂದು ಖಾನೆ ತೆರೆದುಕೊಳ್ಳುತ್ತಿತ್ತು: ‘ತಿರುಗಿ ಹೋಗುವ ದಿನಾಂಕ’. ತುಂಬದಿದ್ದರೆ ಫಾರ್ಮು ಮುಂದೆ ಹೋಗದು. ‘ಇದು ಕಡ್ಡಾಯ’ ಎಂದು ಕೆಂಪಕ್ಷರದಲ್ಲಿ ಗದರುತ್ತದೆ. ನಿಷ್ಠುರವಾಗಲು ಯಂತ್ರವಿರುವಾಗ ನಾನೇಕೆ ಬಾಯಿ ಬಿಡಲಿ?

ಕರಾರು ಹಾಕಿದ ಅರ್ಧ ಗಂಟೆಯಲ್ಲಿ ತಕರಾರು ಬಂತು. ಸಾಲಗುಂದದಿಂದ ಹೆಂಡತಿಯ ತಮ್ಮ ಕರಿಬಸಯ್ಯನ ಫೋನು. ಎತ್ತಿದವಳು ಅವಳು, ಸ್ಪೀಕರು ಹಾಕಿದವಳೂ ಅವಳೇ.

“ಏನಕ್ಕಾ, ನಿಮ್ಮ ಮನ್ಯಾಗ ಇನ್ನಾ ಕಾಲ ಇಟ್ಟಿಲ್ಲ, ಯಾವಾಗ ಹೋಗ್ತೀರಿ ಅಂತ ಕೇಳಾಕತ್ತೈತಿ ಮಾಮಾನ ಫಾರ್ಮು! ಮೊದಲ ಒಳಗ ಹೋಗೋ ಆಕಳ ನಮ್ಮದು. ಅದರದೂ ತಾರೀಖ ಬರೀಬೇಕೇನು?”

ಫೋನಿಟ್ಟು ಅವಳು ನನ್ನತ್ತ ತಿರುಗಿದಳು.

“ತಿಥಿ ನೋಡದ ಬರಾವ್ರಿಗೆ ಅತಿಥಿ ಅಂತಾರ್ರೀ. ಅವ್ರಿಗೇ ತಿಥಿ ಕೇಳೀರಲ್ಲ! ನನ್ನ ತಮ್ಮ ಆಕಳ ತರಲಿಲ್ಲಂದ್ರ ನಾನೂ ಹೊಸ್ತಿಲ ದಾಟಂಗಿಲ್ಲ. ನೀವೊಬ್ರ ಹಾಲ ಉಕ್ಕಿಸಿಕೊಂಡು ಕುಡೀರಿ.”

“ಏ, ಅದು ಕಂಪ್ಯೂಟರಿನ ತಪ್ಪು...”

“ಕಂಪ್ಯೂಟರಿಗೆ ನನ್ನ ತವರಮನಿ ಹೆಂಗ ಗೊತ್ತಾತು?”

ಅವಳು ಬೆನ್ನ ಹಿಂದೆ ನಿಂತಿದ್ದಂತೆಯೇ ಅವಸರದಲ್ಲಿ ನಿಯಮ ಅಳಿಸಲು ಹೋದೆ. ‘ಹೆಂಡತಿಯ ಕಡೆಯವರಾದರೆ’ ಎಂಬಲ್ಲಿ ‘ಅಲ್ಲದಿದ್ದರೆ’ ಎಂದು ಒತ್ತಿಬಿಟ್ಟೆ. ನಿಯಮ ಸಾಯಲಿಲ್ಲ, ಪಕ್ಷಾಂತರ ಮಾಡಿ ನನ್ನ ಕಡೆಯವರ ಬೆನ್ನು ಹತ್ತಿತು. (ಇದು ನನಗೆ ತಿಳಿದದ್ದು ಕೈ ಮೀರಿದ ಮೇಲೆ.) ಕರಿಬಸಯ್ಯನಿಗೆ ಖಾನೆ ಮಾಯವಾಯಿತು, ಸಿಟ್ಟೂ ಇಳಿಯಿತು.

ಗೃಹಪ್ರವೇಶದ ದಿನ ಆಕಳು ಬಂತು, ಹಾಲು ಉಕ್ಕಿತು. ಸಾಲಗುಂದದವರು ಉಂಡು, ಸ್ವಲ್ಪ ಬಿಗುಮಾನದಿಂದಲೇ, ಸಂಜೆಯ ಬಸ್ಸಿಗೆ ಹೊರಟರು. ಒಳಗೊಳಗೇ ಹಿಗ್ಗುತ್ತ ಕೈಬೀಸಿ ತಿರುಗಿದರೆ, ಲಿಂಗಸುಗೂರಿನ ನನ್ನ ಹಿರಿಯಕ್ಕ ಗುರುಲಿಂಗಮ್ಮ ನಾಲ್ಕು ಚೀಲ, ಒಂದು ಹಾಸಿಗೆ ಸುರುಳಿ ಸಮೇತ ಕೋಣೆಯೊಳಗೆ ನಡೆಯುತ್ತಿದ್ದಾಳೆ!

“ಯಾಕೋ ತಮ್ಮಾ, ಹಿಂಗ್ಯಾಕ ಕಣ್ಣ ಬಿಡ್ತೀ? ಇಷ್ಟು ವರ್ಷದಾಗ ಎಷ್ಟು ದಿನ ಇರ್ತೀ ಅಂತ ಒಬ್ಬರರ ನನಗ ಕೇಳ್ಯಾರೇನು? ಕೇಳದ ಹೆಂಗ ಇರಬೇಕು ಅಂತ ಎರಡ ದಿನಕ್ಕ ಎದ್ದ ಹೋಗ್ತಿದ್ದೆ. ನೀ ಕೇಳೀದಿ. ಕಡ್ಡಾಯ ಅಂದೀ. ಕಣ್ಣಾಗ ನೀರ ಬಂದ್ವು ನೋಡು!”

ಮೊಬೈಲು ತೋರಿಸಿದಳು. ತಿರುಗಿ ಹೋಗುವ ದಿನಾಂಕ: ಬರುವ ಯುಗಾದಿಯ ಮರುದಿನ. ಆಗಿನ್ನೂ ಶ್ರಾವಣ. ಕೆಳಗೆ ಹಸಿರಕ್ಷರದಲ್ಲಿ ನನ್ನದೇ ಒಕ್ಕಣೆ: ‘ತುಂಬಾ ಸಂತೋಷ, ನಿಮ್ಮ ಉತ್ತರ ಸ್ವೀಕರಿಸಲಾಗಿದೆ’.

ಖಾನೆ ಖಾಲಿ ಬಿಡಬಾರದೆಂದು ನಿಯಮ ಮಾಡಿದ್ದೆ. ತಾರೀಖು ಎಷ್ಟು ದೂರ ಹೋಗಬಹುದೆಂದು ಮಾಡಿರಲಿಲ್ಲ.

ಹೆಂಡತಿ ಒಳಗಿನಿಂದ ನನ್ನ ತಲೆದಿಂಬು ತಂದು ಕೈಗಿತ್ತಳು. “ಆ ಕ್ವಾಣ್ಯಾಗ ಅಕ್ಕಾರು, ಈ ಕ್ವಾಣ್ಯಾಗ ನಾನು, ಮಗಳು. ಪಡಸಾಲ್ಯಾಗ ಗಾಳಿ ಚೊಲೋ ಬರ್ತೈತ್ರೀ.”