ನಾಳೆ ಟೈಲರ್‌ನ ಜಾಮೀನು

"ಲೋಕದಲ್ಲಿ ಇಷ್ಟು ಸೊಗಸಾದ ನಿದ್ದೆಯೂ ಉಂಟೇನಪ್ಪ?"

ಠಾಣೆಯ ಲಾಕಪ್ಪಿನಲ್ಲಿ ಮೈಮುರಿದು ಎದ್ದ ಟೈಲರ್ ಹೀಗೆ ಕೇಳಿದಾಗ ಎದುರಿಗಿದ್ದದ್ದು ಗೋಡೆ ಮಾತ್ರ. ಗೋಡೆ ತುಟಿ ಬಿಚ್ಚಲಿಲ್ಲ. ಅವನಿಗೆ ಹಿಡಿಸಿದ್ದೇ ಅದು. ಮೂವತ್ತು ವರ್ಷಗಳಲ್ಲಿ ‘ಬಟ್ಟೆ ಯಾವಾಗ ಕೊಡ್ತೀಯ?’ ಎಂದು ಯಾರೂ ಕೇಳದ ಮೊದಲ ಬೆಳಗು ಇದು.

ಪಾಪ, ಬಟ್ಟೆ ಹಿಡಿದು ಬಂದವರಿಗೆ ‘ಆಗಲ್ಲ’ ಎನ್ನುವುದು ಅವನ ನಾಲಗೆಗೆ ಒಗ್ಗದ ಮಾತು. ಎಲ್ಲರ ಅಳತೆ ತೆಗೆಯುತ್ತಿದ್ದ. ಪದ್ಯದ ಕೊನೆಯಲ್ಲಿ ರಾಗ ಎಳೆಯುವವರಂತೆ "ನಾ...ಳೆ ಬನ್ನಿ" ಎನ್ನುತ್ತಿದ್ದ. ಅಂಗಡಿಯ ಗಂಟುಗಳು ಸೂರು ಮುಟ್ಟಿದವು. ಅವನಿಗೆ ‘ನಾಳೆ ಟೈಲರ್’ ಎಂಬ ಹೆಸರು ಬಿತ್ತು. ಹೆಡ್‌ಮಾಸ್ತರು ನಿವೃತ್ತಿಯ ದಿನಕ್ಕೆಂದು ಕೊಟ್ಟ ಕೋಟಿನ ಬಟ್ಟೆ, ಅವರು ನಿವೃತ್ತರಾಗಿ ಎರಡು ವರ್ಷವಾದರೂ ಬಟ್ಟೆಯಾಗಿಯೇ ಇತ್ತು. ಅವರು ತಾಳ್ಮೆಗೆಟ್ಟು, ವಂಚನೆ ಎಂದು ದೂರು ಕೊಟ್ಟೇಬಿಟ್ಟರು.

ಪಕ್ಕದಂಗಡಿಯ ಇಸ್ತ್ರಿಯವನು ವಕೀಲರನ್ನು ಠಾಣೆಗೆ ಎಳೆದುಕೊಂಡು ಬಂದ. "ಹೆದರ್ಬೇಡ ಕಣೋ! ಇವತ್ತೇ ಬಿಡಿಸ್ತೀವಿ!"

"ಅವಸರ ಏನಿದೆ? ನಾಳೆ ನೋಡಿದ್ರಾಯ್ತು."

"ಥೂ ನಿನ್ನ! ಇಲ್ಲೂ ನಾಳೆನಾ?"

ಕೋರ್ಟಿನಲ್ಲಿ ಸರ್ಕಾರಿ ವಕೀಲರು ಎದ್ದರು. "ಇವನನ್ನ ಬಿಟ್ರೆ ಊರು ಬಿಟ್ಟು ಓಡಿಹೋಗ್ತಾನೆ ಸ್ವಾಮಿ. ಸಾಕ್ಷಿಗಳನ್ನ ಹೆದರಿಸ್ತಾನೆ."

‘ಎಂಥ ಸಜ್ಜನ!’ ಟೈಲರ್ ಮನಸ್ಸಿನಲ್ಲೇ ಕೈಮುಗಿದ.

ಅವನ ಪರ ವಕೀಲರು ಬಿಡಬೇಕಲ್ಲ! "ಸಾಕ್ಷಿಗಳೇ ಇವನನ್ನ ಹೆದರಿಸಿಟ್ಟಿದ್ದಾರೆ ಸ್ವಾಮಿ. ಕೋಟಿನ ಬಟ್ಟೆ ಪೊಲೀಸರ ಹತ್ರ ಇದೆ, ಬಚ್ಚಿಡೋಕೆ ಏನೂ ಉಳಿದಿಲ್ಲ. ಇನ್ನು ಓಡೋದು? ಹಿಂದೆ ನೋಡಿ, ನಲವತ್ತು ಜನ ಗಿರಾಕಿಗಳು. ಬಸ್ಸು ಹತ್ತೋಕೆ ಬಿಡ್ತಾರಾ?"

"ಓಡ್ತೀನಿ ಸ್ವಾಮಿ! ತುಂಬ ಚೆನ್ನಾಗಿ ಓಡ್ತೀನಿ!" ಟೈಲರ್ ಕಟಕಟೆಯಿಂದ ಕೂಗಿದ.

"ಸುಳ್ಳು ಸ್ವಾಮಿ!" ಹಿಂದಿನ ಬೆಂಚಿನಿಂದ ಇಸ್ತ್ರಿಯವನ ದನಿ. "ಮಂಡಿನೋವು ಇವನಿಗೆ! ಈ ಮೆಟ್ಟಿಲು ಹತ್ತಿದ್ದೂ ನನ್ನ ಹೆಗಲ ಮೇಲೆ ಕೈ ಇಟ್ಟೇ!"

ನ್ಯಾಯಾಧೀಶರು ಮೇಜು ಕುಟ್ಟಿ ಟೈಲರ್‌ನತ್ತ ತಿರುಗಿದರು. "ವಂಚನೆ ಅಂದ್ರೆ ಮೊದಲಿಂದಲೇ ಮೋಸದ ಉದ್ದೇಶ ಇರಬೇಕು. ಬಟ್ಟೆ ಇಸ್ಕೊಳ್ಳುವಾಗಲೇ ಹೊಲಿಯಬಾರದು ಅಂತಿತ್ತಾ ನಿನ್ನ ಮನಸ್ಸಲ್ಲಿ?"

‘ಹೌದು’ ಎಂದರೆ ಸಾಕು; ಆ ಗೋಡೆ, ಆ ನಿದ್ದೆ ಮತ್ತೆ ಅವನದೇ. ಬಾಯಿ ತೆರೆದ. ಅಳತೆಪಟ್ಟಿ ಹಿಡಿದು ಹಿಡಿದು ಸವೆದ ಬೆರಳುಗಳು ಕಟಕಟೆಯನ್ನು ಬಿಗಿಯಾಗಿ ಹಿಡಿದವು. ಆದರೆ ಬಾಯಿಂದ ಹೊರಟದ್ದು ಬೇರೆಯೇ ಮಾತು.

"ಇಲ್ಲ ಸ್ವಾಮಿ. ಪ್ರತಿಯೊಬ್ರದ್ದೂ ನಾಳೆ ಕೊಡ್ಬೇಕು ಅಂತಲೇ ಇಸ್ಕೊಂಡಿದ್ದು."

ಹೆಡ್‌ಮಾಸ್ತರು ಕನ್ನಡಕ ಒರೆಸಿಕೊಂಡರು.

"ಜಾಮೀನು ಕೊಟ್ಟಿದೆ. ಹೊಣೆ ನಿಲ್ಲೋರು ಯಾರು?" ನ್ಯಾಯಾಧೀಶರು ಕೇಳಿದರು.

ಟೈಲರ್‌ಗೆ ಹೋದ ಜೀವ ಬಂದಂತಾಯಿತು. ತನ್ನನ್ನು ನಂಬಿ ಹೊಣೆ ನಿಲ್ಲುವ ಹುಚ್ಚ ಈ ಊರಲ್ಲಿ ಯಾರಿದ್ದಾನೆ? ಅಷ್ಟರಲ್ಲಿ ಹೆಡ್‌ಮಾಸ್ತರು ಎದ್ದು ನಿಂತರು.

"ನಾನು ಸ್ವಾಮಿ."

"ದೂರು ಕೊಟ್ಟವರೇ ನೀವಲ್ವಾ?"

"ಹೌದು ಸ್ವಾಮಿ. ಒಳಗೆ ಹಾಕಿಸಿದ್ಮೇಲೆ ಹೊಳೀತು. ಇವನು ಅಲ್ಲೇ ಕೂತ್ರೆ ನನ್ನ ಕೋಟು ಹೊಲಿಯೋರ್ಯಾರು?"

ನಲವತ್ತು ತಲೆಗಳು ಒಟ್ಟಿಗೇ ಆಡಿದವು. ನ್ಯಾಯಾಧೀಶರು ಷರತ್ತು ಬರೆಸಿದರು: ಊರು ಬಿಡಕೂಡದು, ದಿನಾ ಹತ್ತರಿಂದ ಆರರವರೆಗೆ ಅಂಗಡಿಯಲ್ಲಿ ಕೂತಿರಬೇಕು, ಪೇದೆ ಬಂದು ನೋಡಿ ಹೋಗಬೇಕು. ಪೇದೆ ಹಲ್ಲುಕಿರಿದ. ಅವನ ಕಂಕುಳಲ್ಲಿ ಆಗಲೇ ಖಾಕಿ ಬಟ್ಟೆಯ ಗಂಟೊಂದು ಇಣುಕುತ್ತಿತ್ತು.

ಟೈಲರ್ ಕೈಮುಗಿದ. "ಒಂದೇ ಒಂದು ಬೇಡಿಕೆ ಸ್ವಾಮಿ. ಇವತ್ತೊಂದು ದಿನ ಒಳಗೇ ಇರ್ತೀನಿ. ನಾಳೆ ಬಿಡಿ. ನಾಳೆ ಖಂಡಿತ ಹೋಗ್ತೀನಿ."

ನ್ಯಾಯಾಧೀಶರು ಪೆನ್ನಿನ ಮುಚ್ಚಳ ಹಾಕಿದರು.

"ಆಗಲ್ಲ. ಇವತ್ತೇ."