ಒಂದು ದಿನ ಮೊದಲೇ ಹೋಗುತ್ತಿದ್ದ ಕಾಕಾ

ನನ್ನ ಕಾಕಾ ತಮ್ಮ ಇಡೀ ಬಾಳಿನಲ್ಲಿ ಯಾವ ಊರಿಗೂ ಒಂದೇ ಸಲ ಹೋದವರಲ್ಲ! ಪ್ರತಿ ಪ್ರಯಾಣವನ್ನೂ ಎರಡೆರಡು ಸಲ ಮಾಡಿದ ಮಹಾನುಭಾವರು ಅವರು. ಎಲ್ಲಿಗೆ ಹೋಗಬೇಕಿದ್ದರೂ ಹಿಂದಿನ ದಿನವೇ ಒಬ್ಬರೇ ಹೋಗಿ, ನೋಡಿ, ಹಿಂದಿರುಗಿ, ಮರುದಿನ ಹೆಂಡತಿ ಮಗಳೊಂದಿಗೆ ಏನೂ ಅರಿಯದವರಂತೆ ಹೊರಡುತ್ತಿದ್ದರು!

ನನ್ನ ತಂದೆಯ ತಮ್ಮನಾದ ಇವರು ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಬೀದರಿನಲ್ಲಿ ಮನೆ ಕಟ್ಟಿದ್ದರು. ಪಡೆ ಹೊರಡುವ ಮುನ್ನ ಒಬ್ಬನು ಮುಂದೆ ಹೋಗಿ ನೆಲ ನೋಡಿ ಬರಬೇಕೆಂಬುದು ಗಡಿಯಲ್ಲಿ ಅವರು ಕಲಿತ ಪಾಠ. ಅದಕ್ಕೆ ಅವರು ‘ರೆಕಿ’ ಎನ್ನುತ್ತಿದ್ದರು. ಗಡಿ ಬಿಟ್ಟರು, ಬಂದೂಕು ಬಿಟ್ಟರು, ರೆಕಿ ಮಾತ್ರ ಬಿಡಲಿಲ್ಲ. ಮುನ್ನಡೆಸಲು ಉಳಿದ ಪಡೆಯಾದರೂ ಎಷ್ಟು? ಹೆಂಡತಿಯಾದ ನನ್ನ ಕಾಕು ಮತ್ತು ಒಬ್ಬಳೇ ಮಗಳು!

ನಮ್ಮ ಮೂಲ ಊರು ಭಾಲ್ಕಿಯಾಚೆಯ ಭಾತಂಬ್ರಾ. ಒಮ್ಮೆ ಎಲ್ಲರೂ ಅಲ್ಲಿಗೆ ಹೊರಡುವುದೆಂದು ನಿಶ್ಚಯವಾಯಿತು. ಕಾಕಾ ಹಿಂದಿನ ದಿನ ಅದೇ ಬಸ್ಸಿನಲ್ಲಿ ಹೋಗಿ ಬಂದರು. ಎಲ್ಲಿಗೆ? ತಾವೇ ಹುಟ್ಟಿ ಬೆಳೆದ ಊರಿಗೆ! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋಲನ್ನೇ ಕಾಣದ ನಾನು ಸುಮ್ಮನಿರಲು ಸಾಧ್ಯವೇ? ರಾತ್ರಿ ಕಳೆದು ಬೆಳಗಾಗುವುದರೊಳಗೆ ಭಾತಂಬ್ರಾ ಎಲ್ಲಿಗಾದರೂ ಓಡಿಹೋಗುವ ಸಂಭವವಿತ್ತೇ ಎಂದು ಕೇಳಿದೆ.

“ಊರು ಓಡೂದಿಲ್ಲಪಾ. ದಾರ್ಯಾಗ ಹೆಣ್ಮಕ್ಕಳ ಪಾಯಖಾನಿ ಎಲ್ಲದ, ಅದರ ಬಾಗಿಲಿಗಿ ಚಿಲಕ ಅದನೋ ಇಲ್ಲೋ, ಹೇಳು ನೋಡೋಣ.”

ಸ್ತ್ರೀಸ್ವಾತಂತ್ರ್ಯದ ಕುರಿತು ನಾನು ಅದುವರೆಗೆ ಎಷ್ಟೋ ವೇದಿಕೆಗಳನ್ನು ನಡುಗಿಸಿದ್ದೆ. ಅವುಗಳಲ್ಲಿ ಒಂದರಲ್ಲಿಯೂ ಚಿಲಕದ ಪ್ರಸ್ತಾಪ ಬಂದಿರಲಿಲ್ಲವೆಂಬುದನ್ನು ಇಲ್ಲಿ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.

ಬೀದರಿನ ಧಾನ್ಯದ ಪೇಟೆಯಾದ ಗಾಂಧಿ ಗಂಜದಲ್ಲಿ ವರ್ಷದ ಜೋಳ ಕೊಳ್ಳುವಾಗಲೂ ಇದೇ ಕಥೆ. ಮೊದಲ ದಿನ ಹಮಾಲರ ಜೊತೆ ಕುಳಿತು, ಯಾವ ಚೀಲ ಯಾವ ಲಾರಿಯಿಂದ ಇಳಿಯಿತು, ಯಾವುದು ತೊಯ್ದಿದೆ ಎಂದು ನೋಡಿಕೊಂಡು ಬರಿಗೈಯಲ್ಲಿ ಬರುತ್ತಿದ್ದರು. ಕೊಳ್ಳಲು ಬಂದಿದ್ದೀರೋ ನೋಡಲು ಬಂದಿದ್ದೀರೋ ಎಂದು ಅಂಗಡಿಯವರು ಕೇಳಿದರೆ, “ಇವತ್ತ ನೋಡ್ಲಾಕ್ರಿ. ನಾಳಿ ಕೊಳ್ಳಾಕ ಸಿಪಾಯಿಗತೆ ಬರ್ತೇನಿ” ಎಂಬುದು ಅವರ ಉತ್ತರ!

ಇಷ್ಟಾದರೂ ನಗೆಯ ಮಾತಾಗಿತ್ತು. ಆದರೆ ಈ ರೆಕಿಯೇ ಒಮ್ಮೆ ಮಗಳ ಮದುವೆಯನ್ನು ಮುರಿಯುವ ಮಟ್ಟಕ್ಕೆ ಬಂತು ನೋಡಿ!

ಕಾಕಾನ ಆ ಮಗಳಿಗೆ, ಅಂದರೆ ನನ್ನ ತಂಗಿಗೆ, ಒಂದು ಸಂಬಂಧ ಕೂಡಿ ಬಂದಿತ್ತು. ಹುಡುಗ ಔರಾದಿನಲ್ಲಿ ಶಿಕ್ಷಕ, ಮನೆ ಡಾಬಕಾದಲ್ಲಿ. ಹೊಲವೂ ಕುರಿಗಳೂ ಇರುವ ಕುಟುಂಬ. ಹುಡುಗ ಅವಳಿಗೆ ಮನಸಾರೆ ಒಪ್ಪಿಗೆಯಾಗಿದ್ದ. ಉಳಿದದ್ದು ಹೆಣ್ಣಿನ ಕಡೆಯವರು ಗಂಡಿನ ಮನೆಯನ್ನು ನೋಡುವ ಪದ್ಧತಿಯೊಂದೇ. ಅದಕ್ಕೆ ರವಿವಾರ ಗೊತ್ತಾಯಿತು. ಕಾಕಾ ಯಾವಾಗ ಹೋದರು? ಶನಿವಾರ!

ಅಲ್ಲಿ ಹುಡುಗನ ತಾಯಿ ಸಗಣಿಗೈಯಲ್ಲಿ ಅಂಗಳ ಸಾರಿಸುತ್ತಿದ್ದರು. ಮದುಮಗನಾಗಬೇಕಾದವನು ಬನಿಯನ್ನಿನಲ್ಲಿ ಕುಳಿತು ಕುರಿಯ ಗೊರಸಿಗೆ ಔಷಧ ಹಚ್ಚುತ್ತಿದ್ದ. ಕಾಕಾ ಎಲ್ಲರಿಗೂ ಶರಣು ಹೇಳಿ, ಅಡುಗೆಮನೆಯಿಂದ ನೀರಿನ ಪಂಪಿನವರೆಗೆ ಹೆಜ್ಜೆ ಎಣಿಸಿ, ಹೊಗೆ ಹೊರಹೋಗುವ ಕಿಂಡಿ ನೋಡಿ, ಕಡೆಗೆ ಆ ತಾಯಿಯನ್ನೇ ಕೇಳಿದರಂತೆ: “ನಿಮ್ಮ ಮನ್ಯಾಗ ಎಲ್ಲರ್ಕಿಂತ ಕಡೀಕ ಯಾರು ಉಣ್ತಾರ್ರಿ?”

ಹುಡುಗನ ತಂದೆ ಕೆಂಡವಾದರು. ಸಂಜೆಯೇ ಫೋನು ಬಂತು, ನಾಳೆ ಬರಬೇಡಿರೆಂದು. ತಂಗಿ ಅಳಲಿಲ್ಲ. ಅಪ್ಪನ ಎದುರಿಗೆ ನಿಂತು ಮೆಲ್ಲಗೆ ಹೇಳಿದಳು: “ಅಪ್ಪಾ, ಮನಿ ನೋಡಿದ್ರಿ. ನನ್ನ ನೋಡ್ಲಿಲ್ಲ.”

ಗಡಿಯಲ್ಲಿ ಗುಂಡಿಗೂ ಬಾಗದ ಮನುಷ್ಯ ಮಗಳ ಮಾತಿಗೆ ಬಾಗಿದರು. ಮರುದಿನ ಬೆಳಿಗ್ಗೆ ನನ್ನನ್ನೂ ಕರೆದುಕೊಂಡು ಡಾಬಕಾದ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ನಾನು ವಾದಸರಣಿಯನ್ನು ಸಿದ್ಧಗೊಳಿಸಿದೆ. ಪೀಠಿಕೆ, ಮೂರು ಮುಖ್ಯಾಂಶ, ಉಪಸಂಹಾರ! ಪೀಠಿಕೆಯ ಎರಡನೆಯ ವಾಕ್ಯದಲ್ಲಿಯೇ ಹುಡುಗನ ತಂದೆ ನನ್ನನ್ನು ಕೈಯೆತ್ತಿ ತಡೆದು, ಕಾಕಾನ ಕಡೆ ತಿರುಗಿದರು.

“ನಮ್ಮ ಮನಿ ಏನು ದುಶ್ಮನ್ ಠಾಣಾ ಅದ ಏನ್ರಿ, ಹೊಂಚು ಹಾಕಿ ನೋಡ್ಲಾಕ?”

ಕಾಕಾ ಜೇಬಿನಿಂದ ಒಂದು ಚಾವಿ ತೆಗೆದು ಅವರ ಮುಂದೆ ನೆಲದ ಮೇಲೆ ಇಟ್ಟರು. “ತಪ್ಪು ನಂದೇ ಅದ್ರಿ. ಇದು ನಮ್ಮ ಬೀದರ ಮನಿ ಚಾವಿ. ನೀವೂ ಹೇಳದೆ ಬರ್ರಿ, ಅಡಗಿಮನಿ ತನಕ ಹೊಕ್ಕು ನೋಡ್ರಿ. ನಾ ಹೊರಗ ನಿಂದರ್ತೇನಿ.”

ಆ ಹೊತ್ತಿಗೆ ಬೀದರಿನ ಮನೆಯಲ್ಲಿ ಕಾಕು ಇದ್ದರು, ಬಾಗಿಲು ಹಾರುಹೊಡೆದಿತ್ತು. ಆದರೂ ಚಾವಿ! ಅದನ್ನು ಯಾರೂ ಮುಟ್ಟಲಿಲ್ಲ, ಯಾರೂ ಹಿಂದೆ ಸರಿಸಲೂ ಇಲ್ಲ. ತಂಗಿಯ ಬಾಳು ಆ ನೆಲದ ಮೇಲೆ ಬಿದ್ದಿರುವಂತೆ ನನಗೆ ತೋರಿತು.

ಆಗ ಅಡುಗೆಮನೆಯ ಬಾಗಿಲಿಗೆ ಹುಡುಗನ ತಾಯಿ ಬಂದು ನಿಂತರು.

“ಇವರು ಕೇಳಿದ್ದಕ್ಕ ನಾ ಇನ್ನೂ ಜವಾಬು ಕೊಟ್ಟಿಲ್ರಿ,” ಎಂದರು. “ಕಡೀಕ ನಾ ಉಣ್ತೇನಿ. ಈ ಮನಿಗಿ ಬಂದಾಗಿಂದ ನಾನೇ. ಇಲ್ಲೀತನಕ ಯಾರೂ ಕೇಳಿದ್ದಿಲ್ಲ.” ಆಮೇಲೆ ಗಂಡನಿಗೆ, “ನಿಮಗದು ಅಪಮಾನ ಅನಿಸ್ತು. ನನಗ ಅನಿಸಲಿಲ್ಲ. ಈ ಬೀಗರ್ನ ಬಿಡಬ್ಯಾಡ್ರಿ.”

ಹುಡುಗನ ತಂದೆ ಎದ್ದರು. ಚಾವಿಯನ್ನೆತ್ತಿ ಕಾಕಾನ ಕೈಗಿಟ್ಟು, ಊಟಕ್ಕೆ ಏಳಿರೆಂದರು. ಮದುವೆ ನಿಂತಿತು ಎಂದುಕೊಂಡಿದ್ದ ನನಗೆ ಅದು ಉಳಿಯಿತೆಂದು ತಿಳಿದದ್ದು ಆಗಲೇ!

ಕಳೆದ ವರ್ಷ ಕಾಕಾ ತೀರಿಕೊಂಡರು. ಕೊರಳಿಗೆ ಹಾರ ಹಾಕಿ, ಪದಕಗಳನ್ನು ಎದೆಯ ಮೇಲಿಟ್ಟು, ಊರವರು ಅವರ ಶೌರ್ಯದ ಬಗ್ಗೆ ಬಹಳ ಮಾತನಾಡಿದರು. ನನಗೆ ಕಾಣುತ್ತಿದ್ದುದು ಡಾಬಕಾದ ಆ ಮಧ್ಯಾಹ್ನ ಮಾತ್ರ. ಅಂದು ಕಾಕಾ ಪಂಕ್ತಿಯಲ್ಲಿ ಕುಳಿತಿರಲಿಲ್ಲ. ರೊಟ್ಟಿಯ ಬುಟ್ಟಿಯನ್ನು ತಾವೇ ಎತ್ತಿಕೊಂಡು, ಮೊದಲ ತಾಟಿನ ಮುಂದೆ ಆ ತಾಯಿಯನ್ನು ಕೂಡಿಸಿದ್ದರು. ಆಕೆಗೆ ಮೊದಲು ಕೂತು ಉಂಡು ರೂಢಿಯಿಲ್ಲ. ಅರ್ಧ ರೊಟ್ಟಿ ಮುಗಿಯುವುದರೊಳಗೆ, ಉಳಿದವರಿಗೆ ಬಡಿಸಬೇಕೆಂದು ಎರಡು ಸಲ ಎದ್ದೇಬಿಟ್ಟರು.

“ಕೂಡ್ರಿ ಅಕ್ಕಾ,” ಎಂದರು ಕಾಕಾ. “ಅವಸರ ಇಲ್ಲ. ಇನ್ನೂ ರೊಟ್ಟಿ ಅದಾವ.”